ರೇಡಿಯೊದಲ್ಲಿ ನಾನು ಹೇಳಿದ್ದು

ನಮ್ಮ ಮನೆತನದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ.

ನಮ್ಮ ತಾತ ಮೈಸೂರಿನಲ್ಲಿ ಸರ್ಕಾರಿ ಮುದ್ರಣಾಲಯದ ಕರಡು ತಿದ್ದುತ್ತಿದ್ದವರು. ತಮ್ಮ ಲಗ್ನಪತ್ರಿಕೆಯಲ್ಲೇ ಎರಡು ತಪ್ಪು ಸಿಕ್ಕಿತೆಂದು ವಾಪಸು ಕಳಿಸಿದರು. ಮದುವೆ ಒಂದು ತಿಂಗಳು ಮುಂದಕ್ಕೆ ಹೋಯಿತು. ನಮ್ಮ ತಂದೆ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಅವರು ಮನೆಗೆ ಬರುವ ಹಾಲನ್ನೂ ಅಳೆದೇ ಕಾಯಿಸಲು ಬಿಡುತ್ತಿದ್ದರು. ನಾನು ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ ಹತ್ತು ವರ್ಷ ಓದಿ, ಒಂದು ದಿನವೂ ಸಾಕ್ಸು ಜಾರದೆ ಹೊರಗೆ ಬಂದವಳು. ನಮ್ಮಲ್ಲಿ ಮೋಸ ಮಾಡಿದವರಿಲ್ಲ. ಮೋಸ ಮಾಡಿದರು ಅನ್ನಿಸಿಕೊಂಡವರೂ ಇರಲಿಲ್ಲ. ಹಾಗೆ ಅನ್ನಿಸಿಕೊಂಡ ಮೊದಲನೆಯವಳು ನಾನು. ಅದೂ ಅರವತ್ತರ ಹತ್ತಿರಕ್ಕೆ ಬಂದು, ಅಡಿಲೇಡಿನ ಹೊರಗೆ ಒಂದು ಕಾರ್ ರೇಸಿನ ಮೈದಾನದಲ್ಲಿ, ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ನಿಂತಿದ್ದಾಗ.

ಗಂಡ ನಿವೃತ್ತನಾದ ಮನೆಯಲ್ಲಿ ಇಂಥದ್ದು ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ಹೇಳಿದರೆ ಕೆಲವರು ನಗುತ್ತಾರೆ. ಅದು ಅವರಿಗೆ ಬಿಟ್ಟದ್ದು. ನಾನು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

೧. ಒಂದೇ ಸೀಟು

ನಮ್ಮ ಯಜಮಾನರು ಗಣಿಯಲ್ಲಿ ಎಂಜಿನಿಯರ್ ಆಗಿದ್ದವರು. ಎರಡು ವಾರ ಗಣಿ, ಒಂದು ವಾರ ಮನೆ ಎಂದು ಬದುಕಿದ ಮನುಷ್ಯ ಇದ್ದಕ್ಕಿದ್ದಂತೆ ಪೂರ್ತಿ ಮನೆಗೆ ಬಂದರು. ಪರ್ತ್‌ನ ವಿಲೆಟನ್ನಿನಲ್ಲಿ ನಿವೃತ್ತರಾದ ನಮ್ಮವರು ಸಾಮಾನ್ಯವಾಗಿ ಕರಿಬೇವಿನ ಗಿಡ ಬೆಳೆಸುತ್ತಾರೆ, ಇಲ್ಲವೇ ಸಂಜೆ ಪಾರ್ಕಿನಲ್ಲಿ ಸುತ್ತುತ್ತಾರೆ. ಇವರು ಪ್ರತಿ ಮಂಗಳವಾರ ವೆಲ್ಷ್‌ಪೂಲಿನ ಕಡೆ ಹೋಗತೊಡಗಿದರು. ಅಲ್ಲಿರುವುದೆಲ್ಲ ಗೋದಾಮು, ಕಾರ್ಖಾನೆ. ಯೋಗ ಕಲಿಸುತ್ತಿರಬಹುದು ಎಂದುಕೊಂಡೆ.

ಮೂರು ತಿಂಗಳಾದ ಮೇಲೆ ನನ್ನನ್ನು ಒಂದು ಶೆಡ್ಡಿಗೆ ಕರೆದುಕೊಂಡು ಹೋದರು. ಒಳಗೆ ಒಂದು ಕಾರು ನಿಂತಿತ್ತು. ದೂರದಿಂದ ನೋಡಿದರೆ ಅಕ್ಕಪಕ್ಕದ ಮನೆಯವರು ತರಕಾರಿ ತರಲು ಹೋಗುವ ಕಾರಿನಂತೆಯೇ ಇತ್ತು. ಪಕ್ಕದಲ್ಲಿ ಕೆಂಪು ಗಡ್ಡದ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಿದ್ದ.

"ಬಾಗಿಲೆಲ್ಲಿ?" ಎಂದು ಕೇಳಿದೆ.

"ವೆಲ್ಡ್ ಮಾಡಿಬಿಟ್ಟಿದ್ದೇವೆ. ಕಿಟಕಿಯಿಂದ ಹತ್ತಬೇಕು," ಎಂದ ಅವನು.

"ಹಾರ್ನ್?"

"ಇಲ್ಲ."

"ಇಂಡಿಕೇಟರ್?"

"ಅದೂ ಇಲ್ಲ. ರೇಸಿನಲ್ಲಿ ಎಲ್ಲರೂ ಒಂದೇ ಕಡೆ ತಿರುಗುತ್ತಾರೆ."

"ನಾನು ಎಲ್ಲಿ ಕೂರುವುದು?"

ಮೆಕ್ಯಾನಿಕ್ ನಮ್ಮವರ ಮುಖ ನೋಡಿದ. ನಮ್ಮವರು ಟೈರ್ ನೋಡಿದರು.

"ಒಂದೇ ಸೀಟು, ಲವ್," ಎಂದ ಮೆಕ್ಯಾನಿಕ್. ನನ್ನನ್ನು ಲವ್ ಎನ್ನಕೂಡದು ಎಂದು ಅವನಿಗೆ ತಿಳಿಸಿದೆ. ಅವನು ಕ್ಷಮಿಸಿ ಎಂದು, ಬಹಳ ಮರ್ಯಾದೆಯಿಂದ ಮುಂದುವರಿಸಿದ: "ಈ ಕಾರು ನೋಡಲು ಬಂದ ದಿನ ನಿಮ್ಮ ಯಜಮಾನರು ಮೊದಲು ಕೇಳಿದ್ದೂ ಸೀಟಿನ ವಿಷಯವೇ, ಮೇಡಂ. ಒಂದೇ ಎಂದು ಗೊತ್ತಾದ ಮೇಲೆ ಬೇರೇನೂ ಕೇಳಲಿಲ್ಲ."

೨. ಹೆಸರಿಲ್ಲದ ಚಾಲಕ

ಈ ರೇಸಿನಲ್ಲಿ ಚಾಲಕನಿಗೆ ಹೆಲ್ಮೆಟ್ಟು, ಕುತ್ತಿಗೆಗೆ ಪಟ್ಟಿ. ಅಕ್ಕಪಕ್ಕ ತಿರುಗಿ ನೋಡಲು ಆಗುವುದಿಲ್ಲ. ಆದ್ದರಿಂದ ಪ್ರತಿ ಕಾರಿಗೂ ಒಬ್ಬರು ಗ್ಯಾಲರಿಯ ಮಾಡಿನ ಮೇಲೆ ನಿಂತು, 'ಬಲಗಡೆ ಕಾರಿದೆ, ಎಡಗಡೆ ಖಾಲಿ' ಎಂದು ರೇಡಿಯೊದಲ್ಲಿ ಹೇಳುತ್ತಿರಬೇಕು. ಅವರಿಗೆ ಸ್ಪಾಟರ್ ಎನ್ನುತ್ತಾರೆ. ಮೇಲೆ ಸ್ಪಾಟರ್ ಇಲ್ಲದಿದ್ದರೆ ಕೆಳಗೆ ಕಾರು ಬಿಡುವುದಿಲ್ಲ. ಆ ಕೆಲಸಕ್ಕಿದ್ದ ಮೆಕ್ಯಾನಿಕ್‌ನ ತಮ್ಮ ಗಣಿಯ ಪಾಳಿ ಬದಲಾಗಿ ಹೊರಟುಹೋದ.

"ಏನೇ, ನೀನೇ ನಿಂತ್ಕೋತೀಯಾ?" ಎಂದು ನಮ್ಮವರು ಕೇಳಿದರು.

ಒಪ್ಪಿದೆ. ಕಾರಿನಲ್ಲಿ ಪಕ್ಕದಲ್ಲಿ ಕೂತು ಮೂವತ್ತನಾಲ್ಕು ವರ್ಷ ಮಾಡಿದ ಕೆಲಸವೇ. ಈಗ ಜಾಕೆಟ್ ಕೊಟ್ಟರು, ಅಷ್ಟೇ.

ಪರ್ತ್‌ನ ಮಣ್ಣಿನ ಟ್ರ್ಯಾಕಿನಲ್ಲಿ ಮೊದಲ ರೇಸು. ಮೈಕು ಹಿಡಿದ ಉದ್ಘೋಷಕ ಒಬ್ಬೊಬ್ಬರ ಹತ್ತಿರ ಬಂದು ಚಾಲಕರ ಹೆಸರು ಕೇಳುತ್ತಿದ್ದ. ನಮ್ಮ ಅರ್ಜಿಯ ಮೇಲೆ ಎಣ್ಣೆ ಚೆಲ್ಲಿ ಹೆಸರು ಅಳಿಸಿಹೋಗಿತ್ತು. ನಾನು ಗಂಡನ ಹೆಸರು ಬಾಯಿಂದ ಹೇಳುವವಳಲ್ಲ. ನಮ್ಮ ಅಜ್ಜಿ ಹೇಳಿಲ್ಲ, ಅಮ್ಮ ಹೇಳಿಲ್ಲ. ಮದುವೆಯ ದಿನ ಬಾಗಿಲಿಗೆ ಅಡ್ಡ ನಿಂತು ಒಂದು ಸಲ ಹೇಳಿಸಿದ್ದರು. ಆಮೇಲೆ ಆ ಪ್ರಮೇಯ ಬಂದಿಲ್ಲ.

"ಹೆಸರು?" ಎಂದ.

"ಹೇಳುವುದಿಲ್ಲ."

"ಅಡ್ಡಹೆಸರಾದರೂ?"

"ಅದೂ ಇಲ್ಲ."

"ಮತ್ತೆ ಮನೆಯಲ್ಲಿ ಹೇಗೆ ಕರೆಯುತ್ತೀರಿ?"

"ದೂರದಲ್ಲಿದ್ದರೆ 'ರೀ' ಎನ್ನುತ್ತೇನೆ. ಹತ್ತಿರದಲ್ಲಿದ್ದರೆ ಕೆಮ್ಮುತ್ತೇನೆ."

ಆತ ಜನರ ಕಡೆ ತಿರುಗಿ, ಮೈಕಿನಲ್ಲಿ ಘೋಷಿಸಿದ: "ಇಪ್ಪತ್ತೇಳನೇ ನಂಬರಿನ ಕಾರಿನ ಚಾಲಕ ಯಾರು ಎಂಬುದನ್ನು ಬಹಿರಂಗಪಡಿಸಲು ಕುಟುಂಬ ಒಪ್ಪುತ್ತಿಲ್ಲ!"

ಜನ ಎದ್ದು ನಿಂತರು. ಯಾರೋ ದೊಡ್ಡ ರೇಸುಗಾರ ವೇಷ ಮರೆಸಿಕೊಂಡು ಬಂದಿದ್ದಾನೆ ಎಂದು ಸುದ್ದಿಯಾಯಿತು. ಫೋಟೊ ತೆಗೆಯುವವರೆಲ್ಲ ಇಪ್ಪತ್ತೇಳರ ಕಡೆಗೇ ಓಡಿದರು. ನಮ್ಮವರು ಮೂರನೇ ಸುತ್ತಿನಲ್ಲಿ ಗಿರ್ರನೆ ತಿರುಗಿ ಹಿಂದುಮುಂದಾಗಿ ನಿಂತು, ಎಲ್ಲರೂ ಹೋದ ಮೇಲೆ ನಿಧಾನವಾಗಿ ಹೊರಟು, ಹನ್ನೆರಡು ಕಾರುಗಳಲ್ಲಿ ಹನ್ನೊಂದನೆಯವರಾಗಿ ಬಂದರು.

ಉದ್ಘೋಷಕ ಮೈಕಿನಲ್ಲಿ ಹೇಳಿದ: "ಕುಟುಂಬದ ನಿರ್ಧಾರವನ್ನು ಈಗ ನಾವೆಲ್ಲ ಅರ್ಥ ಮಾಡಿಕೊಳ್ಳಬಹುದು."

೩. ಬ್ರಿಸ್ಬೇನಿನ ಪ್ರದಕ್ಷಿಣೆ

ಬ್ರಿಸ್ಬೇನಿನಲ್ಲಿ ನನ್ನ ನಾದಿನಿ ಇದ್ದಾಳೆ, ರನ್‌ಕಾರ್ನ್‌ನಲ್ಲಿ ಮನೆ. ಸರ್ಕಾರದ ಪರೀಕ್ಷೆ ಪಾಸು ಮಾಡಿದ ದುಭಾಷಿ. ಆಸ್ಪತ್ರೆ, ಕೋರ್ಟುಗಳಲ್ಲಿ ಕನ್ನಡದವರ ಮಾತನ್ನು ಫೋನಿನಲ್ಲೇ ಇಂಗ್ಲಿಷಿಗೆ ಮಾಡಿ ಹೇಳುವುದು ಅವಳ ಕೆಲಸ. ಮಾತಾಡಲು ಸಂಬಳ ಕೊಡುತ್ತಾರೆಂದು ಗೊತ್ತಾದ ದಿನ ಅವಳಿಗಾದ ಸಂತೋಷವನ್ನು ನಾನು ನೋಡಿದ್ದೇನೆ.

ಅಲ್ಲಿನ ರೇಸಿಗೆ ಅವಳು ಚಿತ್ರಾನ್ನದ ಡಬ್ಬಿ, ಮಡಿಸುವ ಕುರ್ಚಿ, ಸ್ನೇಹಿತೆಯರು, ಎಲ್ಲವನ್ನೂ ತಂದಿದ್ದಳು. ಆ ದಿನವೇ ನಾನು ಗಮನಿಸಿದ್ದು: ಕಾರುಗಳೆಲ್ಲ ಎಡಕ್ಕೆ ತಿರುಗುತ್ತಾ ಸುತ್ತುತ್ತಿದ್ದವು. ಅಂದರೆ ಅಪ್ರದಕ್ಷಿಣೆ. ಒಳ್ಳೆಯ ಕೆಲಸಕ್ಕೆ ಯಾರೂ ಹಾಗೆ ಸುತ್ತುವುದಿಲ್ಲ.

ಅಧಿಕಾರಿಯನ್ನು ಕರೆದು ವಿಷಯ ತಿಳಿಸಿದೆ. ಸುರಕ್ಷತೆಯ ದೂರೇ ಎಂದು ಕೇಳಿದ. ಹೌದು, ಎಲ್ಲರ ಸುರಕ್ಷತೆಯದು ಎಂದೆ.

"ಅತ್ತಿಗೆ, ಬಿಟ್ಬಿಡಿ. ಇದು ದೇವಸ್ಥಾನ ಅಲ್ಲ," ಎಂದಳು ನಾದಿನಿ.

"ಸುತ್ತು ಅಂದ್ಮೇಲೆ ಸುತ್ತೇ ಕಣೆ," ಎಂದೆ.

ಅಧಿಕಾರಿ ಸಭ್ಯಸ್ಥ. ಮಧ್ಯಾಹ್ನ ಇನ್ನೊಂದು ರೇಸಿದೆ, ಬಲಗಡೆ ಸ್ಟೀರಿಂಗಿನ ಕಾರುಗಳದ್ದು, ಅದು ಗಡಿಯಾರದ ಮುಳ್ಳಿನ ದಿಕ್ಕಿಗೇ ಓಡುತ್ತದೆ, ಬೇಕಾದರೆ ನಿಮ್ಮವರನ್ನು ಅದಕ್ಕೆ ಹಾಕುತ್ತೇನೆ ಎಂದ. ಹಾಕಿಸಿದೆ. ನಮ್ಮವರದ್ದು ಎಡಗಡೆ ಸ್ಟೀರಿಂಗು, ಅವರಿಗೆ ಒಳಗಡೆಯ ಅಂಚೇ ಕಾಣುವುದಿಲ್ಲ ಎಂದು ಯಾರೂ ನನಗೆ ಹೇಳಲಿಲ್ಲ. ಅವರು ಕೊನೆಯವರಾಗಿ ಬಂದರು. ಅವರ ಹಿಂದೆ ಗುಡಿಸುವ ಗಾಡಿ ಮಾತ್ರ ಇತ್ತು.

ಕಿಟಕಿಯಿಂದ ಇಳಿದು ಬಂದವರನ್ನು ಏಕೆ ಹೀಗಾಯಿತು ಎಂದು ಕೇಳಿದೆ.

"ಪ್ರದಕ್ಷಿಣೆ ಅಂದ್ಯಲ್ಲ," ಎಂದರು. "ಪ್ರದಕ್ಷಿಣೆ ಯಾರಾದ್ರೂ ಓಡ್ಕೊಂಡು ಹಾಕ್ತಾರೇನೆ?"

೪. ಅಡಿಲೇಡಿನ ಗೋಡೆ

ಈಗ ಅಡಿಲೇಡ್. ಇದು ಮಣ್ಣಿನ ಟ್ರ್ಯಾಕಲ್ಲ. ಡಾಂಬರು ಹಾಕಿದ, ಮೈಲುಗಟ್ಟಲೆ ಸುತ್ತಳತೆಯ ದೊಡ್ಡ ಮೈದಾನ. ಟ್ರ್ಯಾಕು ಬಾಣಲೆಯ ಅಂಚಿನ ಹಾಗೆ ಓರೆಯಾಗಿದೆ. ಒಳಗಡೆ ತಗ್ಗು, ಹೊರಗಡೆ ಎತ್ತರ, ಎತ್ತರದಲ್ಲಿ ಸಿಮೆಂಟಿನ ಗೋಡೆ. ಕಾರುಗಳು ಅಲ್ಲಿ ಒಂದಕ್ಕೊಂದು ಅಂಟಿಕೊಂಡಂತೆ ಓಡುತ್ತವೆ. ಬೆಂಗಳೂರಿನ ಸಿಗ್ನಲ್ಲಿನಲ್ಲಿ ನಿಂತಷ್ಟೇ ಹತ್ತಿರ, ಆದರೆ ಗಂಟೆಗೆ ಇನ್ನೂರು ಕಿಲೋಮೀಟರ್ ವೇಗ.

ಮುಂದೆ ಇದ್ದದ್ದು ಹಳದಿ ಕಾರು. ಅದರ ಚಾಲಕರು ಬಿಳಿ ಮೀಸೆಯ ಹಿರಿಯರು, ಟೈಲ್ಸ್ ಅಂಗಡಿಯವರು. ನಮ್ಮವರು ಹತ್ತೊಂಬತ್ತನೆಯವರಾಗಿ ಓಡುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಸುತ್ತು ಮುಗಿದಾಗ ಎರಡನೇ ಕಾರು ಮೂರನೆಯದಕ್ಕೆ ತಗುಲಿತು. ಅವೆರಡೂ ಗೋಡೆಗೆ, ಗೋಡೆಯಿಂದ ಉಳಿದವರ ಮೇಲೆ. ಮೈದಾನದ ಆ ಮೂಲೆಯಲ್ಲಿ ಹೊಗೆ ಬಿಟ್ಟು ಏನೂ ಕಾಣಲಿಲ್ಲ. ಹೊಗೆಯ ಆಚೆಯಿಂದ ಮೊದಲು ಹೊರಗೆ ಬಂದದ್ದು ಇಪ್ಪತ್ತೇಳು. ಬಂಪರ್ ಇರಲಿಲ್ಲ, ಉಳಿದದ್ದೆಲ್ಲ ಇತ್ತು. ಯಾರಿಗೂ ಪೆಟ್ಟಾಗಲಿಲ್ಲ, ಅದು ದೇವರ ದಯೆ. ಆದರೆ ಓಡುತ್ತಿದ್ದ ಕಾರುಗಳು ಒಂಬತ್ತೇ ಉಳಿದವು. ಹಳದಿ ಮೊದಲು, ನಮ್ಮವರು ಎರಡನೆಯವರು.

ಕೊನೆಯ ಸುತ್ತಿನಲ್ಲಿ ನಮ್ಮವರು ತಗ್ಗಿನಿಂದ ನುಗ್ಗಿ ಹಳದಿಯನ್ನು ದಾಟಿದರು. ಹಳದಿ ಎತ್ತರದಿಂದ ಮತ್ತೆ ಬಂತು. ನಮ್ಮವರು ಸರಕ್ಕನೆ ಗೋಡೆಯ ಕಡೆ ಏರಿದರು. ಹಳದಿ ಬ್ರೇಕ್ ಹಾಕಿತು. ಅರ್ಧ ಕಾರಿನ ಅಂತರದಲ್ಲಿ ನಮ್ಮವರು ಗೆದ್ದರು.

ಹೂಗುಚ್ಛ ಬಂತು, ಟ್ರೋಫಿ ಬಂತು. ಅಷ್ಟರಲ್ಲಿ ಟೈಲ್ಸ್ ಅಂಗಡಿಯವರು ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಬಂದರು.

"ಮೇಲಿಂದ ಆ ಹೆಂಗಸು ತಮ್ಮ ಭಾಷೆಯಲ್ಲಿ ಏನೋ ಕೂಗಿದ್ದನ್ನು ಪಕ್ಕದಲ್ಲೇ ನಿಂತಿದ್ದ ನನ್ನ ಸ್ಪಾಟರ್ ಕೇಳಿದ್ದಾನೆ, ಮರುಕ್ಷಣ ಇವರು ನನಗೆ ಅಡ್ಡ ಬಂದರು. ಇದು ಮೋಸ," ಎಂದರು.

ನಿಯಮ ಹೀಗಿದೆ: ಚಾಲಕ ತಾನೇ ಯೋಚಿಸಿ ಒಂದು ಸಲ ಅಡ್ಡ ಬರಬಹುದು. ಸ್ಪಾಟರ್ ಮೇಲಿಂದ ನೋಡಿ 'ಅಡ್ಡ ಹಾಕು' ಎಂದು ಹೇಳಿಕೊಡಕೂಡದು. ಹೇಳಿಕೊಟ್ಟಿದ್ದರೆ ಗೆಲುವು ರದ್ದು, ಸ್ಪಾಟರ್ ಹೆಸರು ಮೋಸಗಾರರ ಪಟ್ಟಿಗೆ. ತಾತನ ಕರಡು, ತಂದೆಯ ತೂಕದ ಕಲ್ಲು, ಎಲ್ಲ ನನ್ನ ಕಣ್ಣ ಮುಂದೆ ಬಂದವು. ನಮ್ಮ ಮನೆಯ ಹೆಸರು ಇದುವರೆಗೆ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಟ್ರೋಫಿಯನ್ನು ವಾಪಸು ಡಬ್ಬದಲ್ಲಿಟ್ಟರು. ಹೂಗುಚ್ಛ ಹಿಂದಕ್ಕೆ ಕೊಡುವಾಗ ನಮ್ಮವರು ಅದನ್ನು ತಲೆಕೆಳಗಾಗಿ ಹಿಡಿದಿದ್ದರು.

೫. ವಿಚಾರಣೆ

ತಗಡಿನ ಕೋಣೆ. ಮೂವರು ತೀರ್ಪುಗಾರರು, ಒಂದು ಮೇಜು, ನನ್ನ ರೇಡಿಯೊದ ಪೂರ್ತಿ ರೆಕಾರ್ಡಿಂಗು, ರೇಸಿನ ವೀಡಿಯೊ. ಮಾತೆಲ್ಲ ಕನ್ನಡ. ಮುಖ್ಯ ತೀರ್ಪುಗಾರ ಫೋನಿನ ದುಭಾಷಿ ಸೇವೆಗೆ ಕರೆ ಮಾಡಿ ಕನ್ನಡದವರು ಬೇಕೆಂದ. ಒಬ್ಬರು ಸಿಕ್ಕಿದರು. ಅವರಿಗೆ ನಮ್ಮಿಬ್ಬರ ಹೆಸರು ಓದಿ ಹೇಳಿದ.

"ಪ್ರಮಾಣ ಮಾಡುವ ಮೊದಲು ಒಂದು ವಿಷಯ ತಿಳಿಸಬೇಕು," ಎಂದಿತು ಫೋನು. "ಚಾಲಕ ನನ್ನ ಸ್ವಂತ ಅಣ್ಣ. ಸ್ಪಾಟರ್ ನನ್ನ ಅತ್ತಿಗೆ."

ಬೇರೆ ಯಾರಾದರೂ ಇದ್ದಾರೆಯೇ ಎಂದರೆ, ಆ ಹೊತ್ತಿಗೆ ಇನ್ಯಾರೂ ಇಲ್ಲ. ಮುಖ್ಯ ತೀರ್ಪುಗಾರ ಟೈಲ್ಸ್ ಅಂಗಡಿಯವರನ್ನು ಕೇಳಿದ: "ಸಂಬಂಧಿಕರು. ನಿಮ್ಮ ಆಕ್ಷೇಪಣೆ ಇದೆಯೆ?"

ಅವರು ಮೀಸೆ ಸವರಿಕೊಂಡು ಯೋಚಿಸಿದರು. "ಸ್ಪಾಟರಿಗೆ ಈಕೆ ಗಂಡನ ತಂಗಿಯೇ?"

"ಹೌದು."

"ಹಾಗಾದರೆ ಆಕ್ಷೇಪಣೆ ಇಲ್ಲ. ನನ್ನ ಹೆಂಡತಿಗೂ ಒಬ್ಬಳಿದ್ದಾಳೆ. ಪರವಾಗಿ ಸುಳ್ಳು ಹೇಳುವವರಲ್ಲ."

ರೆಕಾರ್ಡಿಂಗ್ ಹಾಕಿದರು. ನಾದಿನಿ ಒಂದಕ್ಷರ ಬಿಡದೆ ಹೇಳುತ್ತಾ ಹೋದಳು. ಅವಳ ದನಿಯಲ್ಲಿದ್ದ ಉತ್ಸಾಹ ಕೋರ್ಟಿಗೆ ತಕ್ಕದ್ದಾಗಿರಲಿಲ್ಲ.

"ಮೊದಲ ಸುತ್ತು. ಸ್ಪಾಟರ್: 'ರೀ, ಬೆಲ್ಟ್ ಸರಿಯಾಗಿ ಹಾಕ್ಕೊಂಡ್ರಾ?' ಚಾಲಕ: 'ಹ್ಞೂಂ.'

"ಒಂಬತ್ತನೇ ಸುತ್ತು. 'ರೀ, ಮುಂದೆ ಆ ಹಳದಿ ಕಾರಿನವರು ಎಷ್ಟು ನೀಟಾಗಿ ಓಡಿಸ್ತಿದಾರೆ ನೋಡಿ. ನೋಡಿ ಕಲೀರಿ.' 'ಹ್ಞೂಂ.'"

ಟೈಲ್ಸ್ ಅಂಗಡಿಯವರು ನೆಟ್ಟಗೆ ಕೂತರು.

"ಹದಿನೇಳನೇ ಸುತ್ತು. 'ರೀ, ಬಲಗಡೆ ಕಾರಿದೆ. ಬಲಕ್ಕೆ ಹೋಗ್ಬೇಡಿ.' 'ಹ್ಞೂಂ.'"

ವೀಡಿಯೊ ನೋಡಿದರು. ಇಪ್ಪತ್ತೇಳು ಬಲಕ್ಕೆ ಹೋಗಿತ್ತು.

"'ರೀ, ಹೊಗೆ ಕಾಣಿಸ್ತಿದೆ. ನಿಲ್ಸಿ. ಎಲ್ಲಾರೂ ಹೋದ್ಮೇಲೆ ಹೋಗೋಣ.' 'ಹ್ಞೂಂ.'"

ಇಪ್ಪತ್ತೇಳು ಹೊಗೆಯೊಳಗೆ ನುಗ್ಗಿತ್ತು.

"ಕೊನೆಯ ಸುತ್ತು," ಎಂದಳು ನಾದಿನಿ. "'ರೀ, ಮೇಲೆ ಹೋಗ್ಬೇಡಿ. ಮೇಲೆ ಅವ್ರು ಬರ್ತಿದಾರೆ. ದೊಡ್ಡೋರು, ದಾರಿ ಬಿಡಿ. ಕೇಳಿಸ್ತಾ?' 'ಹ್ಞೂಂ.'"

ವೀಡಿಯೊ ಹಾಕಿದರು. ಇಪ್ಪತ್ತೇಳು ನೇರ ಮೇಲಕ್ಕೆ ಹೋಗಿತ್ತು.

ಮುಖ್ಯ ತೀರ್ಪುಗಾರ ಪೆನ್ನು ಕೆಳಗಿಟ್ಟ. "ಚಾಲಕ ಪ್ರತಿ ಸಲ ಹೇಳುವ ಆ ಶಬ್ದ, ಅದು ಒಪ್ಪಿಗೆಯೇ?"

"ದುಭಾಷಿಯಾಗಿ ಹೇಳುವುದಾದರೆ ಒಪ್ಪಿಗೆ," ಎಂದಳು. "ತಂಗಿಯಾಗಿ ಹೇಳುವುದಾದರೆ, ಅಣ್ಣ ಆಗಲೇ ಬೇರೆ ಏನೋ ಯೋಚಿಸುತ್ತಿದ್ದಾನೆ."

ಮೂವರೂ ಹೊರಗೆ ಹೋಗಿ, ಪಟ್ಟಿ ಮಾಡಿ, ಬಂದು ತೀರ್ಪು ಓದಿದರು. ಅದರ ಪ್ರತಿ ನನ್ನ ಹತ್ತಿರ ಇದೆ: "ಸ್ಪಾಟರ್ ಅರವತ್ತೊಂದು ಸೂಚನೆಗಳನ್ನು ಕೊಟ್ಟಿದ್ದಾರೆ. ಎಲ್ಲವೂ ನಿಯಮಬದ್ಧ. ಸ್ಪಾಟರ್ ನಿರ್ದೋಷಿ. ಚಾಲಕ ಅವುಗಳಲ್ಲಿ ಒಂದನ್ನೂ ಪಾಲಿಸಿಲ್ಲ. ಆದ್ದರಿಂದ ಆತ ಮಾಡಿದ್ದೆಲ್ಲ ಆತನ ಸ್ವಂತ ಯೋಚನೆಯೆಂದು ಸಂಶಯಕ್ಕೆಡೆಯಿಲ್ಲದೆ ಸಾಬೀತಾಗಿದೆ. ಗೆಲುವು ಊರ್ಜಿತ."

ಟೈಲ್ಸ್ ಅಂಗಡಿಯವರು ಎದ್ದು ಬಂದು, ತಲೆ ಬಾಗಿಸಿ, ನನ್ನ ಕ್ಷಮೆ ಕೇಳಿದರು. ನಮ್ಮವರ ಕೈ ಕುಲುಕಲಿಲ್ಲ, ಹಿಡಿದುಕೊಂಡರು. "ಅರವತ್ತೊಂದು," ಎಂದರು, ಕಣ್ಣಲ್ಲಿ ನೀರಿತ್ತು. "ನನಗೆ ಮನೆಯಲ್ಲಿ ಒಂದು ಸಲವೂ ಸಾಧ್ಯವಾಗಿಲ್ಲ." ತೀರ್ಪುಗಾರರು ಮೂವರೂ ಕ್ಷಮೆ ಕೇಳಿದರು. ನಾದಿನಿ ಫೋನಿನಲ್ಲೇ "ತಪ್ಪು ತಿಳ್ಕೋಬೇಡಿ ಅತ್ತಿಗೆ, ಡ್ಯೂಟಿ" ಎಂದಳು.

ನಮ್ಮವರು ಆ ತೀರ್ಪಿಗೆ ಗಾಜಿನ ಕಟ್ಟು ಹಾಕಿಸಿ ವಿಲೆಟನ್ನಿನ ನಮ್ಮ ಮನೆಯ ಹಜಾರದಲ್ಲಿ, ಟ್ರೋಫಿಯ ಮೇಲುಗಡೆ, ಬಂದವರಿಗೆಲ್ಲ ಕಾಣುವ ಹಾಗೆ ನೇತುಹಾಕಿದ್ದಾರೆ. ಬಂದ ಗಂಡಸರು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅದನ್ನು ಇಳಿಸಿ, ನನ್ನ ಕ್ಷಮೆ ಕೇಳಬೇಕೆಂದು ನಾನು ಅವರಿಗೆ ಮೂರು ಸಲ ಹೇಳಿದ್ದೇನೆ. ಮೂರು ಸಲವೂ "ಹ್ಞೂಂ" ಎಂದಿದ್ದಾರೆ.

ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಅವರು ನನ್ನ ಕ್ಷಮೆ ಕೇಳತಕ್ಕದ್ದು. ಬರವಣಿಗೆಯಲ್ಲಿ, ಸಹಿ ಹಾಕಿ.