ರಂಗೋಲಿ ಒಂದು ಮೊಳ ಸರಿದದ್ದು

ನೋಡದೇ ಇರುವುದನ್ನು ನೋಡಿದಷ್ಟೇ ಧೈರ್ಯವಾಗಿ ಹೇಳುವ ಅಭ್ಯಾಸ ನನಗೆ ಮೊದಲಿನಿಂದಲೂ ಇದೆ. ರಾತ್ರಿ ಮಲಗಿದ ಮೇಲೆ ಯಾರಾದರೂ ‘ಹಿತ್ತಿಲ ಬಾಗಿಲು ಹಾಕಿದೆಯಾ?’ ಎಂದರೆ ಎದ್ದು ನೋಡುವ ಗೋಜಿಗೆ ಹೋಗದೆ ‘ಹಾಕಿದೆ’ ಎನ್ನುತ್ತೇನೆ. ಬಾಗಿಲು ಹಾಕಿಯೇ ಇರುತ್ತದೆ, ಏಕೆಂದರೆ ನನ್ನ ಹೆಂಡತಿ ಸರೋಜ ಹಾಕಿರುತ್ತಾಳೆ. ಹೀಗೆ ಇನ್ನೊಬ್ಬರ ಕೆಲಸದ ಮೇಲೆ ಕಟ್ಟಿಕೊಂಡ ನನ್ನ ಆತ್ಮವಿಶ್ವಾಸಕ್ಕೆ ಇಷ್ಟು ವರ್ಷ ಏನೂ ಧಕ್ಕೆ ಬಂದಿರಲಿಲ್ಲ. ಬಂದದ್ದು ಮೊನ್ನೆ ಮೊನ್ನೆ, ನಮ್ಮ ಪಿಕಪ್ ಗಾಡಿಯ ದೆಸೆಯಿಂದ.

ಶಿಕಾರಿಪುರದಲ್ಲಿ ನನ್ನದು ಹಿಂಡಿ-ಬೂಸದ ಅಂಗಡಿ. ವಾರಕ್ಕೆ ಮೂರು ದಿನ ಡೀಸೆಲ್ ಪಿಕಪ್ಪಿಗೆ ಚೀಲ ಹೇರಿಕೊಂಡು, ದಾರಿಯುದ್ದಕ್ಕೂ ಹಸು ಕಟ್ಟಿದವರ ಮನೆಗಳಿಗೆ ಇಳಿಸುತ್ತಾ ಸೊರಬದವರೆಗೆ ಹೋಗಿ ಬರುವುದು ಹನ್ನೊಂದು ವರ್ಷದ ರೂಢಿ. ಅಷ್ಟೂ ವರ್ಷ ತಕರಾರಿಲ್ಲದೆ ದುಡಿದ ಗಾಡಿ ಇದ್ದಕ್ಕಿದ್ದಂತೆ ನೀರು ಕುಡಿಯಲು ಶುರುಮಾಡಿತು. ಇವತ್ತು ರೇಡಿಯೇಟರನ್ನು ಕಂಠಮಟ್ಟ ತುಂಬಿಸಿದರೆ ನಾಳೆ ಬೆಳಿಗ್ಗೆ ಒಂದು ಚೊಂಬು ಕಡಿಮೆ. ಸೊರಬದಲ್ಲಿ ಊಟ ಮಾಡಿ, ಸೀಟಿನ ಮೇಲೆ ಒಂದು ನಿದ್ದೆ ತೆಗೆದು ಏಳುವಷ್ಟರಲ್ಲಿ ಇನ್ನರ್ಧ ಚೊಂಬು. ಹಸಿರು ಬಣ್ಣದ ಕೂಲಂಟ್ ಹಾಕಬೇಕು ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹೇಗೂ ಮಾಯವಾಗುವುದಕ್ಕೆ ಅಷ್ಟು ಮರ್ಯಾದೆ ಯಾಕೆ ಎಂದು ಒಂದು ಕ್ಯಾನ್ ಇಟ್ಟುಕೊಂಡು ಸಿಕ್ಕಲ್ಲಿ ನೀರು ತುಂಬಿಸಿಕೊಳ್ಳುತ್ತಿದ್ದೆ. ಅಂಜನಾಪುರ ಡ್ಯಾಮಿನ ನೀರಾಯಿತು, ಅಂಬ್ಲಿಗೊಳದ ನೀರಾಯಿತು, ಆಮೇಲೆ ರಸ್ತೆ ಪಕ್ಕದ ಕೆರೆಗಳು. ಏಳು ಕೆರೆ ನೀರು ಕುಡಿದವನು ಅಂತ ಪಳಗಿದ ಮನುಷ್ಯನನ್ನು ಮಾತಿಗೆ ಹೇಳುತ್ತೇವಲ್ಲ, ನಮ್ಮ ಗಾಡಿ ನಿಜವಾಗಿಯೂ ಏಳು ಕೆರೆ ನೀರು ಕುಡಿಯಿತು. ಪಳಗಿದ್ದು ಮಾತ್ರ ಗಾಡಿಯೂ ಅಲ್ಲ, ನಾನೂ ಅಲ್ಲ.

ಕೊನೆಗೆ ನಮ್ಮೂರಿನ ಒಂದು ಗ್ಯಾರೇಜಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ಬಗ್ಗಿ, ಎದ್ದು, ಎಲ್ಲ ಪೈಪು ಮುಟ್ಟಿ ನೋಡಿ, “ನಿಂತಲ್ಲಿ ಕೆಳಗೇನಾರ ಸೋರ್ತೈತೇನ್ರೀ?” ಎಂದು ಕೇಳಿದರು. “ಒಂದೇ ಒಂದು ಹನಿ ಇಲ್ಲ. ದಿನಾ ನೋಡ್ತೀನಿ” ಎಂದೆ. “ಹಂಗಾರೆ ಒಳಗೇ ಕುಡಿಯಾಕತ್ತೈತಿ. ಇಂಜಿನ್ ಒಳಗೆ ನೀರು ತಡೆಯೋ ಹೆಡ್ ಗ್ಯಾಸ್ಕೆಟ್ ಹೋಗಿರ್ಬೇಕು. ಇಂಜಿನ್ ಬಿಚ್ಚಬೇಕ್ರೀ.” ಪಾಪ, ನಾನು ಹೇಳಿದ್ದನ್ನು ನಂಬಿದ್ದೇ ಅವರ ತಪ್ಪು. ಇಂಜಿನ್ ಬಿಚ್ಚುವುದು ಎಂದರೆ ನನಗೆ ಹೊಟ್ಟೆ ಕೊಯ್ಯುವುದು ಎಂದಂತೆ ಕೇಳಿಸಿತು. ಅದೇ ಗಾಬರಿಯಲ್ಲಿ, ಗಾಡಿ ಕೇಳುತ್ತಿದ್ದ ಶಿರಾಳಕೊಪ್ಪದವರೊಬ್ಬರಿಗೆ, ಭಾನುವಾರ ಬಂದು ಒಯ್ಯಿರಿ ಎಂದುಬಿಟ್ಟೆ. ಸರೋಜಳಿಗೆ ಹೇಳಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ನಮ್ಮ ಮನಿ ಉಣ್ಣಿಸಿದ ಗಾಡಿರೀ ಅದು. ಇನ್ನೊಬ್ಬರಿಗೆ ತೋರಿಸ್ದೇನೇ ಮಾರಿಬಿಡೋದಾ?” ಎಂದಳು. ಆಮೇಲೆ ಎರಡು ದಿನ ಮಾತೇ ಇಲ್ಲ. ನನಗೂ ಮನಸ್ಸಿಲ್ಲದ ಕೆಲಸವೇ. ಆ ಸ್ಟೀರಿಂಗ್ ಹಿಡಿದು ಹಿಡಿದು ನನ್ನ ಅಂಗೈಯಲ್ಲೇ ಅದರ ಗುರುತು ಕೂತಿದೆ.

ಶುಕ್ರವಾರ ಕೊನೆಯ ಸುತ್ತು ಎಂದುಕೊಂಡು ಸೊರಬಕ್ಕೆ ಹೋದವನು, ಸರೋಜಳ ಮಾತು ಚುಚ್ಚುತ್ತಿದ್ದುದರಿಂದ ಗಾಡಿಯನ್ನು ಗುತ್ಯಪ್ಪನವರ ಗ್ಯಾರೇಜಿಗೆ ತಿರುಗಿಸಿದೆ. ಗುತ್ಯಪ್ಪ ಅಂದರೆ ಸೊರಬದಲ್ಲಿ ಮೆಲ್ಲಗೆ ಮಾತಾಡುವ ಏಕೈಕ ಮೆಕ್ಯಾನಿಕ್. ಸ್ಪ್ಯಾನರ್ ಹಿಡಿಯುವ ಮೊದಲು ಕೈ ತೊಳೆಯುವ ಮನುಷ್ಯ. ನಾನು ಏಳು ಕೆರೆಯ ಕಥೆ ಹೇಳಿ ಹೆಡ್ ಗ್ಯಾಸ್ಕೆಟ್ ಎನ್ನುತ್ತಿದ್ದಂತೆ, “ಇರ್ಲಿ, ನೋಡನ” ಎಂದರು. ಆಯಿಲ್ ಕಡ್ಡಿ ಎಳೆದು ಬೆರಳಿಗೆ ಸವರಿಕೊಂಡರು. “ನೀರು ಸೇರಿದ್ರೆ ಮಜ್ಜಿಗೆ ಥರ ಆಗ್ತಿತ್ತು. ಆಗ್ಲಿಲ್ಲ.” ಇಂಜಿನ್ ಚಾಲೂ ಮಾಡಿಸಿ ಸೈಲೆನ್ಸರ್ ಹಿಂದೆ ಕೂತು, ಹೊಗೆಗೆ ಅಂಗೈ ಒಡ್ಡಿ ಮೂಸಿದರು. “ಬಿಳಿ ಹೊಗೆನೂ ಇಲ್ಲ.” ಓವರ್‌ಫ್ಲೋ ಡಬ್ಬಿಯಲ್ಲಿ ಗುಳ್ಳೆ ಏಳುತ್ತದೆಯೇ ಎಂದು ಐದು ನಿಮಿಷ ಕಣ್ಣು ಮಿಟುಕಿಸದೆ ನಿಂತರು. ಗುಳ್ಳೆಯೂ ಇಲ್ಲ. “ಗ್ಯಾಸ್ಕೆಟ್ ಗಟ್ಟಿ ಉಂಟು ಮಾರಾಯ್ರೆ. ಕೆಳಗೆ ಸೋರ್ತದಾ?”

“ಒಂದೇ ಒಂದು ಹನಿ ಇಲ್ಲ. ದಿನಾ ನೋಡ್ತೀನಿ.”

ಗುತ್ಯಪ್ಪ ನನ್ನ ಮುಖ ನೋಡಿದರು. ನನ್ನ ಹೊಟ್ಟೆ ನೋಡಿದರು. ಆಮೇಲೆ ಬಹಳ ವಿನಯದಿಂದ ಕೇಳಿದರು: “ನಿಮ್ಮನೇಲಿ ಬೆಳಿಗ್ಗೆ ಮೊದಲು ಏಳೋರು ಯಾರು?”

ಇದೆಂಥ ಪ್ರಶ್ನೆ! “ನಮ್ಮನೆಯವಳು. ಐದಕ್ಕೆಲ್ಲ ಎದ್ದು ಅಂಗಳ ಗುಡಿಸಿ ನೀರು ಹಾಕ್ತಾಳೆ.” “ನೀವು?” “ಏಳೂವರೆ... ಒಂದೊಂದು ದಿನ ಎಂಟು.” “ಅವ್ರಿಗೊಂದು ಫೋನ್ ಮಾಡಿ” ಎಂದರು.

ಸ್ಪೀಕರ್ ಹಾಕಿದ್ದು ನನ್ನ ದಡ್ಡತನ. ಗುತ್ಯಪ್ಪ, “ಅಕ್ಕಾ, ಬೆಳಿಗ್ಗೆ ನೀರು ಹಾಕೋ ಮುಂಚೆ ಗಾಡಿ ಮುಂದ್ಗಡೆ ನೆಲ ಹೆಂಗಿರ್ತದೆ?” ಎಂದು ಕೇಳಿದ್ದೇ ತಡ, ಎರಡು ದಿನ ಕಟ್ಟಿಟ್ಟ ಮಾತು ಒಮ್ಮೆಗೇ ಹೊರಬಂತು. “ಒದ್ದಿ ಇರ್ತೈತಣ್ಣ! ತಿಂಗಳಿಂದ ಅಲ್ಲಿ ರಂಗೋಲಿನೇ ನಿಲ್ಲವಲ್ದು. ಒಂದು ಮೊಳ ಈಚೆಗೆ ಹಾಕಾಕತ್ತೀನಿ.” ನಾನು ಮಧ್ಯೆ ಬಾಯಿ ಹಾಕಿ, “ಮತ್ತೆ ನನಗ್ಯಾಕೆ ಹೇಳ್ಲಿಲ್ಲ?” ಎಂದೆ. “ರೇಡಿಯೇಟರಿಗೆ ಹಾಕುವಾಗ ನೀವೇ ಚೆಲ್ಲಿರ್ತೀರಿ ಅನ್ಕೊಂಡೆ. ನೀವು ಚಾ ಬಗ್ಗಿಸಿದ್ರೂ ಅರ್ಧ ನೆಲಕ್ಕೆ ತಾನೆ?” ಗ್ಯಾರೇಜಿನಲ್ಲಿದ್ದವರೆಲ್ಲ ನಕ್ಕರು. ಗುತ್ಯಪ್ಪ ಒಬ್ಬರು ನಗಲಿಲ್ಲ, ಆ ಉಪಕಾರವನ್ನು ನಾನು ಮರೆಯುವುದಿಲ್ಲ.

ಆಮೇಲೆ ಅವರು ಬಿಡಿಸಿ ಹೇಳಿದರು. ಬಿಸಿ ಇರುವಾಗ ಎಲ್ಲ ಹಿಗ್ಗಿ ಬಿಗಿಯಾಗಿ ಕೂತಿರುತ್ತದೆ, ಸೋರುವುದಿಲ್ಲ. ಯಾವ ಗ್ಯಾರೇಜಿಗೆ ಹೋದರೂ ಗಾಡಿ ಹೋಗುವುದು ಬಿಸಿಯಾಗಿಯೇ. ತಣ್ಣಗಾಗುತ್ತಾ ಬಂದಂತೆ ಸಂದಿ ಬಿಡುತ್ತದೆ, ಬೆಳಗಿನ ಜಾವ ಹನಿ ಹನಿ. ಅದನ್ನು ನೋಡಬೇಕಾದವನು ಮಲಗಿರುತ್ತಾನೆ, ನೋಡುವವಳು ಅದರ ಮೇಲೇ ನೀರು ಹಾಕಿ ಗುಡಿಸುತ್ತಾಳೆ.

ಮಧ್ಯಾಹ್ನದವರೆಗೆ ಗಾಡಿ ತಣ್ಣಗಾಗಲು ಬಿಟ್ಟರು. ಒಂದು ಹಳೇ ರೇಡಿಯೇಟರ್ ಮುಚ್ಚಳಕ್ಕೆ ಟ್ಯೂಬಿನ ವಾಲ್ವ್ ಕೂರಿಸಿ ತಾವೇ ಮಾಡಿಕೊಂಡ ಸಾಧನವೊಂದಿತ್ತು. ಅದನ್ನು ಬಿಗಿದು ಸೈಕಲ್ ಪಂಪಿನಿಂದ ನಾಲ್ಕೈದು ಸಲ ಗಾಳಿ ಒತ್ತಿದರು, ಹಗುರವಾಗಿ. “ಬಗ್ಗಿ ನೋಡಿ” ಎಂದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಬಗ್ಗಿದೆ. ಕೆಳಗಿನ ರಬ್ಬರ್ ಹೋಸಿನ ತುದಿಯಲ್ಲಿ, ಕ್ಲಿಪ್ಪಿನ ಅಂಚಿಗೆ, ಒಂದು ಹನಿ ಮೂಡಿ ದಪ್ಪವಾಗಿ ಟಪ್ಪೆಂದು ಬಿತ್ತು. ಸುಳ್ಳು ಹೇಳುವುದಿಲ್ಲ, ಆ ಹನಿ ಕಂಡು ನನಗೆ ಕಣ್ಣು ತುಂಬಿ ಬಂತು. ಇಷ್ಟೇನಾ, ಇದಕ್ಕಾಗಿ ಮಾರಲು ಹೊರಟಿದ್ದೆನಾ ಎನ್ನಿಸಿತು.

ಹೋಸ್ ಕಿತ್ತಾಗ ಕಪ್ಪು ಚಹಾದಂಥ ನೀರು ಸುರಿಯಿತು. ಒಳಗಿನ ಕಬ್ಬಿಣದ ಕೊಳವೆಯ ಬಾಯಿ ತುಕ್ಕು ತಿಂದು ಗುಳಿ ಬಿದ್ದಿತ್ತು. “ಸಂದಿ ಬಿಟ್ಟಿದ್ದು ಹಳೇ ಹೋಸು, ಅದನ್ನ ಹೆಚ್ಚು ಮಾಡಿದ್ದು ನಿಮ್ಮ ಕೆರೆಗಳು” ಎಂದರು ಗುತ್ಯಪ್ಪ, ಅಷ್ಟೇ, ಬೈಯಲಿಲ್ಲ. ಆ ಬಾಯನ್ನು ಕೂಸಿನ ಕೆನ್ನೆ ಒರೆಸಿದ ಹಾಗೆ ಉಜ್ಜುಕಾಗದದಿಂದ ತಿಕ್ಕಿ ತಿಕ್ಕಿ ನುಣುಪು ಮಾಡಿದರು. ಹೊಸ ಹೋಸ್, ಹೊಸ ಕ್ಲಿಪ್. ಒಳಗೆಲ್ಲ ತೊಳೆದು, ಕೂಲಂಟ್ ತುಂಬಿಸಿ, ಗಾಳಿ ಕಟ್ಟದ ಹಾಗೆ ಇಂಜಿನ್ ಓಡಿಸುತ್ತಲೇ ಮಟ್ಟ ನೋಡಿದರು. ಇಡೀ ಇಂಜಿನ್ನಿನಲ್ಲಿ ಬಿಚ್ಚಿದ್ದು ಒಂದು ಹೋಸ್. ಹೊರಡುವಾಗ, “ಎಂಟು ದಿನ, ಅಕ್ಕ ನೀರು ಹಾಕೋ ಮುಂಚೆ ನೀವೇ ಎದ್ದು ನೋಡ್ಬೇಕು” ಎಂದರು. ದಾರಿಯಲ್ಲೇ ಗಾಡಿ ನಿಲ್ಲಿಸಿ ಶಿರಾಳಕೊಪ್ಪದವರಿಗೆ ಫೋನ್ ಮಾಡಿ ಕ್ಷಮೆ ಕೇಳಿಕೊಂಡೆ.

ಮರುದಿನ ಸರೋಜ ಮೂರನೆಯ ಸಲ ಕೂಗಿದಾಗ ಎದ್ದೆ. ಐದೂವರೆ. ಅಂಗಳಕ್ಕೆಲ್ಲ ನೀರು ಹಾಕಿ, ಇಂಜಿನ್ ಕೆಳಗಿನ ಜಾಗವನ್ನು ಮಾತ್ರ ನನಗೋಸ್ಕರ ಹಾಗೇ ಬಿಟ್ಟಿದ್ದಳು. ನಿದ್ದೆಗಣ್ಣಿನಲ್ಲೇ ಹೋಗಿ, ಎರಡೂ ಮೊಣಕಾಲೂರಿ, ಕೈಯೂರಿ, ತಲೆ ಕೆಳಗೆ ಮಾಡಿ ನೋಡಿದೆ. ಒಣಗಿ ಬೆಳ್ಳಗಿತ್ತು ನೆಲ. “ಒಂದು ಹನಿ ಇಲ್ಲ ಕಣೇ!” ಎಂದು ಕೂಗಿದೆ, ಜೀವಮಾನದಲ್ಲಿ ಮೊದಲ ಸಲ ಕಣ್ಣಾರೆ ನೋಡಿ.

ಸರೋಜ ಬಿಳಿ ಪುಡಿ ಮೆತ್ತಿದ ನನ್ನ ಮೊಣಕಾಲುಗಳ ಕಡೆ ನೋಡುತ್ತಿದ್ದಳು. ತಿಂಗಳ ನಂತರ ರಂಗೋಲಿಯನ್ನು ಹಳೇ ಜಾಗಕ್ಕೇ ತಂದು ಹಾಕಿದ್ದಳಂತೆ.

“ಒಂದು ತಿಂಗಳು ಸೋರಿದ್ರೂ ಗಾಡಿ ಇಷ್ಟು ಕೆಡಿಸಿರ್ಲಿಲ್ಲ ಬಿಡ್ರೀ” ಎಂದಳು.