ಅತ್ತೆಯವರು ಒತ್ತಿದ ಬ್ರೇಕು

ಬ್ರೇಕು ರಿಪೇರಿಗೆ ಮೆಕ್ಯಾನಿಕ್ಕೇ ಬೇಕು ಎನ್ನುವುದು ಮೆಕ್ಯಾನಿಕ್ಕರು ಹಬ್ಬಿಸಿದ ಸುದ್ದಿ ಎಂದು ನಾನು ಬಹಳ ದಿನ ನಂಬಿದ್ದೆ. ಎರಡನೆಯ ಮಹಾಯುದ್ಧ ಮುಗಿದ ಹೊಸತು. ಕುರುಗೋಡಿನಲ್ಲಿ ಹತ್ತಿ ವ್ಯಾಪಾರ ಮಾಡಿಕೊಂಡಿದ್ದ ನಾನು ಒಂದು ಹಳೆಯ ಕಾರು ಕೊಂಡಿದ್ದೆ. ನಮ್ಮ ಓಣಿಗೆಲ್ಲ ಅದೊಂದೇ ಕಾರು. ಹೀಗಾಗಿ ಕಾರಿನ ವಿಷಯದಲ್ಲಿ ನಾನು ಹೇಳಿದ್ದೇ ಶಾಸ್ತ್ರ!

ಹೆಂಡತಿ ಗೌರಿಗೆ ಎಂಟು ತಿಂಗಳು ತುಂಬಿ ಒಂಬತ್ತರಲ್ಲಿ ಬಿದ್ದಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕಲ್ಲ, ಸಿರುಗುಪ್ಪದಿಂದ ಅತ್ತೆಯವರು ಕಮಾನು ಬಂಡಿ ಕಟ್ಟಿಸಿಕೊಂಡು ಬಂದರು. ಮಗಳ ಮೈ ಕುಲುಕಬಾರದೆಂದು ಬಂಡಿಯೊಳಗೆ ಎರಡು ಗಾದಿ ಹಾಸಿಸಿದ್ದರು. ಕಾರು ಇಟ್ಟುಕೊಂಡವನ ಹೆಂಡತಿ ಬಂಡಿಯಲ್ಲಿ ಹೋಗುವುದೆ? ನನ್ನ ಮಾನದ ಪ್ರಶ್ನೆ! ಮರುದಿನ ಬೆಳಿಗ್ಗೆ ಬಂಡಿಯನ್ನು ಗಾದಿಸಮೇತ ವಾಪಸು ಕಳಿಸಿಬಿಟ್ಟೆ.

ಬಂಡಿ ಊರು ದಾಟಿದ ಮೇಲೆ ಕಾರಿನ ಬ್ರೇಕು ಒತ್ತಿ ನೋಡಿದೆ. ದಿಂಬು ಒತ್ತಿದ ಹಾಗೆ ಮೆತ್ತಗೆ ಒಳಗೆ ಹೋಯಿತು. ಕೊಳವೆಯ ಎಣ್ಣೆಯಲ್ಲಿ ಗಾಳಿ ಸೇರಿತ್ತು. ಅದನ್ನು ತೆಗೆಯುವುದನ್ನು ಬಳ್ಳಾರಿಯ ಮೆಕ್ಯಾನಿಕ್ ಖಾದರಸಾಬರ ಹತ್ತಿರ ಒಮ್ಮೆ ನೋಡಿದ್ದೆ. ಒಬ್ಬರು ಪೆಡಲು ಒತ್ತಿ ಹಿಡಿಯಬೇಕು. ಇನ್ನೊಬ್ಬರು ಗಾಲಿಯ ಬಳಿ ಸ್ಕ್ರೂ ಸಡಿಲಿಸಿ, ಗಾಳಿ ಹೋದ ಕೂಡಲೇ ಬಿಗಿಯಬೇಕು. ಆಮೇಲೆ ಕಾಲು ತೆಗೆಯಬೇಕು. ಮೊದಲೇ ತೆಗೆದರೆ ಗಾಳಿ ಮತ್ತೆ ಒಳಗೆ!

ಖಾದರಸಾಬರು ಆಗಲೇ ಎಚ್ಚರಿಸಿದ್ದರು. “ಒತ್ತೋರು, ಬಿಚ್ಚೋರು ಮಾತಾಡ್ಕೊಂತ ಮಾಡಾ ಕೆಲಸ ಐತ್ರಿ ಇದು.”

ಒತ್ತುವವರು ಯಾರು? ಓಣಿಯ ಗಂಡಸರೆಲ್ಲ ಹೊಲಕ್ಕೆ ಹೋಗಿದ್ದರು. ಗೌರಿ ಸ್ಟೇರಿಂಗಿನ ಹಿಂದೆ ಹಿಡಿಸುವಂತಿರಲಿಲ್ಲ. ಉಳಿದವರು ಅತ್ತೆಯವರೊಬ್ಬರೇ. ನಮ್ಮಲ್ಲಿ ಅತ್ತೆ ಅಳಿಯನೊಡನೆ ನೇರವಾಗಿ ಮಾತಾಡುವ ಪದ್ಧತಿಯಿಲ್ಲ. ಮದುವೆಯಾಗಿ ಮೂರು ವರ್ಷವಾದರೂ ಅವರ ದನಿಯನ್ನು ನಾನು ಕೇಳಿದ್ದು ಬಾಗಿಲ ಹಿಂದಿನಿಂದಲೇ. ಇರಲಿ, ನಡುವೆ ಸುದ್ದಿ ಮುಟ್ಟಿಸಲು ಗೌರಿ ಇದ್ದಾಳಲ್ಲ! ಅವಳನ್ನು ಕಟ್ಟೆಯ ಮೇಲೆ ಕೂರಿಸಿ, ಅತ್ತೆಯವರನ್ನು ಕಾರಿನೊಳಗೆ ಹತ್ತಿಸಿ, ನಾನು ಗಾಲಿಯ ಬುಡಕ್ಕೆ ನುಗ್ಗಿದೆ.

“ಒತ್ತಾಕ ಹೇಳು,” ಎಂದೆ.

“ಒತ್ತಬೇಕಂತವ್ವಾ,” ಎಂದಳು ಗೌರಿ.

“ಒತ್ತೀನಂತ ಹೇಳವ್ವ,” ಎಂದರು ಅತ್ತೆ.

“ಒತ್ಯಾಳಂತ್ರಿ,” ಎಂದು ಗೌರಿ ನನಗೆ ಮುಟ್ಟಿಸಿದಳು.

ನಾನು ಸ್ಕ್ರೂ ಬಿಚ್ಚಿದೆ. ಗಾಳಿ ಹೊರಗೆ ಬರುವ ಬದಲು ಒಳಗೆ ಹೋಯಿತು. ಹತ್ತು ಸಲ ಮಾಡಿದರೂ ಅದೇ ಕತೆ. ತಲೆಯೆತ್ತಿ ಇಣುಕಿದಾಗ ಮರ್ಮ ತಿಳಿಯಿತು. ಆಯುಧ ಪೂಜೆಯ ದಿನ ನಾನೇ ಭಕ್ತಿಯಿಂದ ಪೆಡಲಿಗೆ ಅರಿಶಿನ ಕುಂಕುಮ ಹಚ್ಚಿದ್ದೆ. ಪೂಜೆ ಮಾಡಿದ ವಸ್ತುವಿಗೆ ಕಾಲು ತಾಗಿದರೆ ಅತ್ತೆಯವರು ಸುಮ್ಮನಿರುತ್ತಾರೆಯೇ? ಪ್ರತಿಸಲವೂ ಒತ್ತಿ, ಕಾಲು ತೆಗೆದು, ಬಗ್ಗಿ ಪೆಡಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಸುದ್ದಿ ಕಳಿಸುತ್ತಿದ್ದರು!

ನಮಸ್ಕಾರವನ್ನೆಲ್ಲ ಕೊನೆಗೆ ಒಟ್ಟಿಗೆ ಮಾಡಲು ಹೇಳು ಎಂದು ಗೌರಿಯನ್ನು ಬೇಡಿಕೊಂಡೆ. ದೇವರ ವಿಷಯದಲ್ಲಿ ಹಾಗೆ ಬಾಕಿ ಉಳಿಸಬಾರದಂತೆ ಎಂದು ಉತ್ತರ ಬಂತು. ಬಿಸಿಲೇರುವ ಹೊತ್ತಿಗೆ ಕೊಳವೆಯ ಎಣ್ಣೆಯೆಲ್ಲ ನನ್ನ ಅಂಗಿಯಲ್ಲಿತ್ತು. ಅಂಗಳದ ಗಾಳಿಯೆಲ್ಲ ಕೊಳವೆಯಲ್ಲಿತ್ತು.

ಆದರೂ ಛಲ ಬಿಡಲಿಲ್ಲ. “ಒತ್ತಾಕ ಹೇಳು,” ಎಂದೆ. ಗೌರಿಯ ದನಿಯಿಲ್ಲ. ಇನ್ನೊಮ್ಮೆ ಕೂಗಿದೆ. ಆಗ ನನ್ನ ತಲೆಯ ಪಕ್ಕದಲ್ಲೇ ಬೇರೊಂದು ದನಿ ಕೇಳಿತು.

“ಹೊರಗ ಬರ್ರಿ. ಆಕಿಗೆ ನೋವು ಸುರು ಆಗ್ಯಾವು. ಸೂಲಗಿತ್ತಿ ಹುಸೇನಮ್ಮನ್ನ ಕರಕೊಂಡು ಬರ್ರಿ.”

ಅತ್ತೆಯವರು! ನನ್ನೊಡನೆ! ಎದ್ದು ನೋಡಿದರೆ ಗೌರಿ ಕಂಬ ತಬ್ಬಿಕೊಂಡು ತುಟಿ ಕಚ್ಚಿದ್ದಳು. ಕಳಿಸಿಬಿಟ್ಟ ಬಂಡಿ, ಅದರೊಳಗಿನ ಎರಡು ಗಾದಿ ಕಣ್ಣಮುಂದೆ ಬಂದವು. ಇವಳಿಗೇನಾದರೂ ಆದರೆ ನಾನು ಯಾರಿಗೆ ಮುಖ ತೋರಿಸಲಿ? ಬುದ್ಧಿ ಕೆಟ್ಟು, “ಕಾರು ತೆಗೀಲೇನ್ರಿ?” ಎಂದು ಕೇಳಿದೆ.

“ಓಡ್ರಿ,” ಎಂದರು ಅತ್ತೆ.

ಓಡಿದೆ. ಮೈತುಂಬ ಎಣ್ಣೆ, ಕೈಯಲ್ಲಿ ಸ್ಕ್ರೂ ಬಿಚ್ಚುವ ಪಾನಾ. ನನ್ನ ಅವತಾರ ನೋಡಿಯೇ ಹುಸೇನಮ್ಮ ಏನೂ ಕೇಳದೆ ಹೊರಟು ಬಂದಳು.

ಹೊತ್ತು ಮುಳುಗುವ ಮುಂಚೆ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಕ್ಷೇಮ. ದೇವರು ದೊಡ್ಡವನು, ಹುಸೇನಮ್ಮನ ಕೈಗುಣ ಅವನಿಗಿಂತ ದೊಡ್ಡದು. ಬೆಳಿಗ್ಗೆ ಹೊರಟಿದ್ದರೆ ಹಾದಿಯ ಎರೆಹೊಲದಲ್ಲೇ ಹೆರಿಗೆಯಾಗುತ್ತಿತ್ತು ಎಂದು ಆಕೆ ಹೇಳಿದ್ದೇ ತಡ, ನನಗೆ ಜೀವ ಬಂತು. ನೋಡು, ಬ್ರೇಕು ಕೆಟ್ಟಿದ್ದೇ ಒಳ್ಳೆಯದಾಯಿತು ಎಂದು ಗೌರಿಗೆ ಹೇಳಿದೆ.

“ಹಂಗಾರ ಮಗೀಗೆ ಬ್ರೇಕಮ್ಮ ಅಂತ ಹೆಸರಿಡೂಣೇನ್ರಿ?” ಎಂದಳು ಅವಳು.

ನಿಜ ಹೇಳಬೇಕೆಂದರೆ, ಅಂದು ಅತ್ತೆಯವರು ಪದ್ಧತಿ ನೋಡುತ್ತ ನಿಂತಿದ್ದರೆ ನಾನು ಗಾಲಿಯ ಬುಡದಲ್ಲೇ ‘ಒತ್ತಾಕ ಹೇಳು’ ಎನ್ನುತ್ತ ಬಿದ್ದಿರುತ್ತಿದ್ದೆ. ಆ ತಾಯಿಯ ಉಪಕಾರ ಏಳು ಜನ್ಮಕ್ಕೂ ತೀರುವಂಥದ್ದಲ್ಲ. ಇನ್ನು ಮೇಲಾದರೂ ನೇರವಾಗಿ ಮಾತಾಡಬಹುದು ಎಂದುಕೊಂಡು ಕೈಮುಗಿಯಲು ಹೋದೆ. ಅತ್ತೆಯವರು ಆಗಲೇ ಬಾಗಿಲ ಹಿಂದೆ ಸರಿದಿದ್ದರು. ತೊಡೆಯ ಮೇಲೆ ಮಗು ಇತ್ತು.

“ನಿಮ್ಮಪ್ಪಗ ಹೇಳವ್ವ,” ಎಂದರು ಮಗುವಿಗೆ, “ಎಣ್ಣಿ ಕೈ ತೊಳಕೊಂಡು ಬಂದು ಎತ್ಕೋಬೇಕಂತ. ಬಂಡಿ ತಿರುಗಿ ಬರಾಕ ಹೇಳಿ ಕಳಿಸೀನಿ ಅಂತ. ಕಾರು ಎಳೀಬೇಕಲ್ಲ.”

ಹುಟ್ಟಿ ಎರಡು ತಾಸಾಗಿದ್ದ ನನ್ನ ಮಗಳು ಒಮ್ಮೆ ಆಕಳಿಸಿ ಸುದ್ದಿ ಮುಟ್ಟಿಸಿದಳು. ನಾನು ತೆಪ್ಪಗೆ ಕೈ ತೊಳೆಯಲು ಹೋದೆ.