ಎಡಗಡೆಯ ಸ್ಪೀಕರ್

ಬೆಳಿಗ್ಗೆ ದೀಪ ಹಚ್ಚಿ, ಗಂಟೆ ಬಾರಿಸಿ, ಗಂಡನಿಗೆ ಕಾಫಿ ಕೊಟ್ಟು, ಸೋಫಾದಲ್ಲಿ ಅವರ ಎಡಗಡೆಗೆ ಕೂತು ಮೆಲುದನಿಯಲ್ಲಿ ನಾಲ್ಕು ಮಾತಾಡುವುದನ್ನು ಗೋವಿಂದರಾಜನಗರದ ರಾಮಕ್ಕ ಒಂದು ದಿನವೂ ತಪ್ಪಿಸಿದವರಲ್ಲ. ಹಸೆಮಣೆಯ ಮೇಲೆ ಎಡಕ್ಕೆ ಕೂರಿಸಿದ್ದರು. ನಲವತ್ತೊಂದು ವರ್ಷವಾದರೂ ಆ ಜಾಗ ಬಿಟ್ಟಿರಲಿಲ್ಲ. ಆಡುತ್ತಿದ್ದುದು ಹೆಚ್ಚಾಗಿ ನಾಲ್ಕು ವರ್ಷದ ಹಿಂದೆ ತೀರಿಕೊಂಡ ಮಗಳು ಕಲಾಳ ಮಾತೇ. ಗಂಡ ಹನುಮಯ್ಯ ಮಾತ್ರ ಗೋಡೆ ನೋಡುತ್ತಾ ಕಾಫಿ ಹೀರುತ್ತಿದ್ದರು. ಮಗಳ ಹೆಸರೇ ಈ ಮನುಷ್ಯನಿಗೆ ಬೇಡವಾಗಿದೆ ಎಂದುಕೊಂಡು ಆಕೆ ದೇವರ ಗೂಡಿನ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದರು.

ಇಂಥ ಮನೆಗೆ ಒಂದು ಶನಿವಾರ ಹೋಂ ಥಿಯೇಟರ್ ದಯಮಾಡಿಸಿತು! ಅಂಗಡಿಯಿಂದ ಬಂದ ಸುಘೋಷ್ ಟೇಪು ಬಿಚ್ಚಿದ.

"ಸಾರ್, ಎರಡೂ ಕಡೆ ಸ್ಪೀಕರ್ ನಿಮ್ಮಿಂದ ಒಂದೇ ದೂರ ಇರ್ಬೇಕು."

"ಟೇಪು ಮಡಚಪ್ಪಾ! ಮೂವತ್ತು ವರ್ಷ ಪವರ್‌ಲೂಮ್ ಶೆಡ್ಡಲ್ಲಿ ಇದ್ದೋನು ನಾನು. ಇಪ್ಪತ್ತು ಮಗ್ಗದಲ್ಲಿ ಯಾವುದು ಕೆಟ್ಟಿದೆ ಅಂತ ಕಣ್ಮುಚ್ಕೊಂಡು ಹೇಳ್ತಿದ್ದೆ. ಕಿವೀಲೇ ಅಳೀತೀನಿ!"

ಕಿವಿ ಅಳೆಯಿತು. ಎಡಗಡೆಯದು ಸಾಲದು! ಸ್ಪೀಕರ್ ಟಿವಿ ಪಕ್ಕದಿಂದ ಟೀಪಾಯಿಗೆ ಬಂತು. ಸಾಲದು! ಟೀಪಾಯಿಯಿಂದ ಸ್ಟೂಲಿಗೆ ಬಂತು, ವಾಲ್ಯೂಮೂ ಏರಿತು. ಶೋಕೇಸಿನ ಗಾಜು ಗಡಗಡ ನಡುಗಿತು, ದೇವರ ಗಂಟೆ ತಾನೇ ಮಂಗಳಾರತಿ ಶುರುಮಾಡಿತು, ಮಹಡಿಯ ಬಾಡಿಗೆಯವರು "ಅಂಕಲ್, ಭೂಕಂಪಾನಾ?" ಎಂದು ಇಳಿದು ಬಂದರು. ಕೊನೆಗೆ ಸ್ಪೀಕರ್ ಸೋಫಾವನ್ನೇರಿ ರಾಮಕ್ಕನ ಜಾಗದಲ್ಲೇ ಪಟ್ಟಾಭಿಷೇಕ ಮಾಡಿಸಿಕೊಂಡಿತು.

"ಈ ವಯಸ್ಸಲ್ಲಿ ಸವತೀನ ತಂದ್ರಾ?" ಎಂದರು ರಾಮಕ್ಕ.

"ಸವತಿಗೂ ಬಾಯಿಲ್ಲ ಕಣೇ! ಡಿಫೆಕ್ಟ್ ಪೀಸು. ವಾಪಸ್ ತಗೊಂಡ್ಹೋಗಪ್ಪಾ!"

ಸುಘೋಷ್ ಎರಡನ್ನೂ ಅದಲುಬದಲು ಮಾಡಿದ. ಬಲಕ್ಕೆ ಹೋದ ಡಿಫೆಕ್ಟ್ ಪೀಸು ಅಬ್ಬರಿಸಿತು. ಎಡಕ್ಕೆ ಬಂದದ್ದು ಈಗ ಮೂಕ ಎಂದರು ಹನುಮಯ್ಯ. ಅವನು ಎಲ್ಲವನ್ನೂ ಆಫ್ ಮಾಡಿ, ಹಿಂದೆ ನಿಂತು ಹನುಮಯ್ಯನವರ ಎಡಗಿವಿಯ ಪಕ್ಕ ಚಿಟಿಕೆ ಹೊಡೆದ. ಅವರು ತಿರುಗಲೇ ಇಲ್ಲ.

"ಸಾರ್," ಎಂದ ಮುಂದೆ ಬಂದು, "ಈ ಕಿವಿ ಯಾವಾಗಿಂದ ಹೀಗಿದೆ?"

ಹನುಮಯ್ಯ ಬಲಗಿವಿಗೆ ಬೆರಳಿಟ್ಟುಕೊಂಡರು. ತೆಗೆದರು. ಮತ್ತೆ ಇಟ್ಟುಕೊಂಡರು. ಮುಖ ಇಳಿದುಹೋಯಿತು.

"ಕಲಾ ಹೋದ್ಮೇಲೆ ಬೆಳಿಗ್ಗೆ ಕೂತು ಮಾತಾಡೋದನ್ನ ನೀನೇ ಬಿಟ್ಟೆ ಅಂದ್ಕೊಂಡಿದ್ದೆ ಕಣೇ," ಎಂದರು ಹೆಂಡತಿಯ ಕಡೆ ನೋಡದೆ. "ದಿನಾ ಬಂದು ಪಕ್ಕದಲ್ಲಿ ಸುಮ್ನೆ ಕೂತಿರ್ತೀಯ. ಕೇಳೋಕೆ ಧೈರ್ಯ ಬರ್ಲಿಲ್ಲ. ಮನೇಲಿ ಒಂದಿಷ್ಟು ಸದ್ದಾದ್ರೂ ಇರ್ಲಿ ಅಂತ ಇದನ್ನ ತಂದೆ."

ನಾಲ್ಕು ವರ್ಷದ ಮಾತು! ಒಂದೂ ಮುಟ್ಟಿರಲಿಲ್ಲ. ರಾಮಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಸುಘೋಷ್ ರಿಮೋಟ್ ಎತ್ತಿಕೊಂಡ. "ಆಂಟಿ, ಎಡಗಡೆ ಸೌಂಡ್ ಮಾತ್ರ ಜಾಸ್ತಿ ಮಾಡಿ ಸೆಟ್ ಮಾಡ್ಕೊಡ್ಲಾ? ಎರಡೇ ನಿಮಿಷ."

"ಬೇಡಪ್ಪಾ."

ರಾಮಕ್ಕ ಸೋಫಾ ಸುತ್ತಿ ಬಂದು, ಮದುವೆಯಾದಂದಿನಿಂದ ಮೊದಲ ಸಲ ಗಂಡನ ಬಲಗಡೆಗೆ ಕೂತರು.

"ಅದು ಎಲ್ಲಿದ್ರೂ ನಡಿಯತ್ತೆ. ಜಾಗ ಬದಲಾಯಿಸ್ಬೇಕಾಗಿದ್ದು ನಾನು."